ರಕ್ತ ಕೊಡಲು ಹೋದ ದಿನ

ಹೋದ ವರ್ಷ ಆಫೀಸಿನಲ್ಲಿ ರಕ್ತದಾನ ಶಿಬಿರ ಇತ್ತು. ಸಿಸ್ಟರ್ ನನ್ನ ತೋಳಿಗೆ ಪಟ್ಟಿ ಸುತ್ತಿ ಬಿಪಿ ನೋಡಿದರು, ಏನೂ ಹೇಳದೆ ಇನ್ನೊಮ್ಮೆ ನೋಡಿದರು. 158/102. "140/90 ದಾಟಿದ್ರೆ ರಕ್ತ ತಗೊಳ್ಳಲ್ಲ ಸರ್, ಮೊದಲು ಡಾಕ್ಟರಿಗೆ ತೋರಿಸಿ" ಅಂದರು. ನನಗೆ ತಲೆನೋವಿಲ್ಲ, ತಲೆಸುತ್ತಿಲ್ಲ, ಆವತ್ತು ಬೆಳಿಗ್ಗೆ ಮೂರು ಮಹಡಿ ಹತ್ತಿಯೇ ಬಂದಿದ್ದೆ. ವಯಸ್ಸು 41.

ಸುಮ್ನೆ ಬಿಟ್ಟುಬಿಡುತ್ತಿದ್ದೆನೇನೋ. ಆದರೆ ಅಪ್ಪ ನೆನಪಾದರು. ಅವರಿಗೆ 45ಕ್ಕೇ ಬಿಪಿ ಬಂದಿತ್ತು. ಸ್ವಲ್ಪ ದಿನ ಮಾತ್ರೆ ತಗೊಂಡರು, ನಾರ್ಮಲ್ ಬಂತು, ವಾಸಿಯಾಯ್ತು ಅಂತ ನಿಲ್ಲಿಸಿಬಿಟ್ಟರು. ನಾರ್ಮಲ್ ಬಂದಿರೋದೇ ಮಾತ್ರೆಯಿಂದ ಅಂತ ಮನೆಯಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. 60 ದಾಟಿದ ಮೇಲೆ ಮಲಗಿದರೆ ಉಸಿರು ಕಟ್ಟುತ್ತಿತ್ತು, ಮೂರು ದಿಂಬಿಗೆ ಒರಗಿ ಕೂತೇ ರಾತ್ರಿ ಕಳೆಯುತ್ತಿದ್ದರು.

ಡಾಕ್ಟರು ಒಂದು ಸಲದ ಅಳತೆ ಸಾಲದು ಅಂದರು. ಒಂದು ವಾರ ಬೆಳಿಗ್ಗೆ ಸಂಜೆ ಮನೆಯಲ್ಲೇ ನೋಡಬೇಕು, ಕಾಫಿ ಕುಡಿದು ಅರ್ಧ ಗಂಟೆ ಆಗಿರಬೇಕು, ಬೆನ್ನು ಒರಗಿಸಿ ಐದು ನಿಮಿಷ ಕೂತಿರಬೇಕು, ತೋಳು ಎದೆಯ ಮಟ್ಟಕ್ಕೆ ಮೇಜಿನ ಮೇಲಿರಬೇಕು, ಮಾತಾಡಬಾರದು. 14 ಸಲ ಬರೆದಿಟ್ಟೆ. ಮೇಲಿನ ಸಂಖ್ಯೆ ಒಂದು ಸಲವೂ 145ಕ್ಕಿಂತ ಕೆಳಗೆ ಬರಲಿಲ್ಲ. ಎಕೋ ಅಂದರೆ ಹೃದಯದ ಸ್ಕ್ಯಾನ್ ಮಾಡಿಸಿದಾಗ ಎಡಗಡೆ ಗೋಡೆ ಸ್ವಲ್ಪ ದಪ್ಪ ಆಗಿತ್ತು. "ಬಾವಿ ನೀರು ಸೇದಿ ಸೇದಿ ತೋಳು ಗಟ್ಟಿಯಾಗುತ್ತಲ್ಲ, ಹಾಗೇ ಇದು. ಆದರೆ ಹೃದಯ ಗಟ್ಟಿಯಾದರೆ ಸರಿಯಾಗಿ ಹಿಗ್ಗಲ್ಲ, ರಕ್ತ ತುಂಬಿಕೊಳ್ಳಲ್ಲ. ಬೇಗ ಬಂದಿದ್ದೀರಿ, ಬಿಪಿ ಹಿಡಿತಕ್ಕೆ ಬಂದರೆ ಇದೂ ತಗ್ಗಬಹುದು" ಅಂದರು. ಅಪ್ಪನಿಗೂ ಯಾರಾದರೂ ಹೀಗೆ ಕೂರಿಸಿಕೊಂಡು ಹೇಳಿದ್ದರೆ ಅಂತ ಆವತ್ತಿಡೀ ಅನ್ನಿಸ್ತಾನೇ ಇತ್ತು.

ಆಮ್ಲೋಡಿಪಿನ್ 5 ಎಂ.ಜಿ. ಅನ್ನೋ ಬಿಪಿ ಮಾತ್ರೆ ಶುರುವಾಯಿತು. ಎರಡು ವಾರಕ್ಕೆ ಕಾಲು ಊದಿತು, ಸಂಜೆ ಕಾಲುಚೀಲ ತೆಗೆದರೆ ಗೆರೆ ಆಳವಾಗಿ ಉಳಿದಿರುತ್ತಿತ್ತು. ಇಲ್ಲೇ ಎಷ್ಟೋ ಜನ ಮಾತ್ರೆ ಬಿಟ್ಟುಬಿಡ್ತಾರೆ. ನನಗೂ ಬಿಡಬೇಕು ಅನ್ನಿಸಿತ್ತು. ಡಾಕ್ಟರು "ಬಿಡೋದು ಬೇಡ, ಬದಲಾಯಿಸೋಣ" ಅಂತ ಟೆಲ್ಮಿಸಾರ್ಟಾನ್ 40 ಬರೆದುಕೊಟ್ಟರು. ಊತ ಇಳಿಯಿತು. ಉಪ್ಪು ಇಡೀ ದಿನಕ್ಕೆ 5 ಗ್ರಾಂ ಒಳಗೆ, ಅಂದರೆ ಒಂದು ಟೀ ಚಮಚ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆಯ ಉಪ್ಪೂ ಅದರಲ್ಲೇ ಸೇರಬೇಕು.

ಈ ಯುಗಾದಿಗೆ ಊರಿಗೆ ಹೋಗುವಾಗ ಬಿಪಿ ಮಷಿನ್ ಜೊತೆಗೇ ಒಯ್ದೆ. ತಮ್ಮನಿಗೆ 36. "ನನಗೇನಾಗಿದೆ ಅಣ್ಣಾ" ಅನ್ನುತ್ತಲೇ ತೋಳು ಕೊಟ್ಟ. 148/96. ಮಷಿನ್ ಸರಿ ಇಲ್ಲ ಅಂದ. ಅದೇ ಪಟ್ಟಿ ನನ್ನ ತೋಳಿಗೆ ಕಟ್ಟಿ ತೋರಿಸಿದೆ, 124/80. ಅವನು ಆಮೇಲೆ ಮಾತಾಡಲಿಲ್ಲ. ಸೋಮವಾರ ನಾನೇ ಅವನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ.