ಬೈಬಲ್ ಹೆಣಿಗೆಯ ನೋಟ್‌ಬುಕ್: ಮಾರ್ಕ ಮುಗಿಯಿತು, ಪ್ರಲಾಪಗಳು ಶುರು

ಯೇಸುವಿನ ಬದುಕನ್ನು ಹೇಳುವ ಮಾರ್ಕನ ಸುವಾರ್ತೆಯ ಪುಟಗಳು ಕೊನೆಗೂ ಮುಗಿದವು. ಅಂಚಿನ ತುಂಬ ಬಣ್ಣದ ಪೆನ್ಸಿಲ್ ಗುರುತು. ಹೊಸದಾಗಿ ಓದುತ್ತಿರುವವರಿಗೆ ಎರಡು ಮಾತು. ಬೈಬಲಿನಲ್ಲಿ ಮತ್ತೆ ಮತ್ತೆ ಬರುವ ಸಂಖ್ಯೆ, ದೃಶ್ಯ, ಮಾತುಗಳಿಗೆ ಗುರುತು ಹಾಕಿ, ಅವು ಒಂದಕ್ಕೊಂದು ಹೇಗೆ ಹೆಣೆದುಕೊಂಡಿವೆ ಎಂದು ನೋಡುವುದು ಈ ಕೆಲಸ. ಆ ಹೆಣಿಗೆ ದೇವರ ಬಗ್ಗೆ ಏನು ಹೇಳುತ್ತಿದೆ ಎಂಬುದೇ ನನಗೆ ಮುಖ್ಯ. ಅದನ್ನು ಬಿಟ್ಟರೆ ಉಳಿಯುವುದು ಬರೀ ಲೆಕ್ಕ.

ಓದುವ ಪ್ರತಿಯಿಂದ ಅಧ್ಯಾಯ, ವಚನಗಳ ಅಂಕಿ ತೆಗೆದು ಪ್ರಿಂಟ್ ಹಾಕಿಕೊಂಡಿದ್ದೇನೆ. ಈಗ ನಾವು ಕಾಣುವ ಅಧ್ಯಾಯಗಳ ವಿಂಗಡಣೆ 13ನೇ ಶತಮಾನದ ಇಂಗ್ಲೆಂಡಿನ ಆರ್ಚ್‌ಬಿಷಪ್ ಸ್ಟೀಫನ್ ಲ್ಯಾಂಗ್ಟನ್ ಅವರ ಕಾಲದ್ದು. ಬೈಬಲಿನ ಎರಡನೇ ಭಾಗವಾದ ಹೊಸ ಒಡಂಬಡಿಕೆಗೆ ಈಗಿನ ವಚನ ಸಂಖ್ಯೆ ಹಾಕಿದವರು ಮುದ್ರಕ ರಾಬರ್ಟ್ ಎಸ್ಟಿಯೆನ್, 1551ರಲ್ಲಿ. ಅಂಕಿ ಇದ್ದರೆ ಕಣ್ಣು ಅಲ್ಲಲ್ಲೇ ನಿಂತುಬಿಡುತ್ತದೆ. ತೆಗೆದರೆ ಕಥೆ ಹರಿಯುತ್ತದೆ, ಎಲ್ಲಿ ತಿರುಗುತ್ತದೆ ಎಂಬುದೂ ಕಾಣುತ್ತದೆ. ಇಲ್ಲಿ ಮಾತ್ರ ನಿಮಗೆ ಹುಡುಕಲು ಅನುಕೂಲವಾಗಲಿ ಎಂದು ಅಂಕಿ ಕೊಡುತ್ತಿದ್ದೇನೆ.

ನೋಹನ ಕಥೆಯಿಂದ ಸಿಕ್ಕ ಪ್ರಶ್ನೆ

ಬೈಬಲಿನ ಮೊದಲ ಪುಸ್ತಕ ಆದಿಕಾಂಡದ 7 ಮತ್ತು 8ನೇ ಅಧ್ಯಾಯಗಳಲ್ಲಿ ನೋಹನ ಕಾಲದ ಜಲಪ್ರಳಯದ ಕಥೆಯಿದೆ. ಅದರಲ್ಲಿ ಬರುವ ದಿನಗಳನ್ನು ಒಂದರ ಕೆಳಗೊಂದು ಬರೆದು ನೋಡಿ. 7, 7, 40, 150. ಆಮೇಲೆ 150, 40, 7, 7. ಹತ್ತಿದ ಮೆಟ್ಟಿಲುಗಳನ್ನೇ ಇಳಿದು ಬಂದ ಹಾಗೆ. ತುತ್ತತುದಿಯಲ್ಲಿ, ಎರಡು 150ರ ನಡುವೆ, ಒಂದು ಪುಟ್ಟ ಮಾತಿದೆ: ದೇವರು ನೋಹನನ್ನು ನೆನಪಿಸಿಕೊಂಡನು. ಅಲ್ಲಿಯವರೆಗೆ ನೀರು ಏರುತ್ತದೆ. ಅಲ್ಲಿಂದಾಚೆ ಇಳಿಯುತ್ತದೆ.

ಈ ಜೋಡಣೆಯನ್ನು ಬೈಬಲ್ ವಿದ್ವಾಂಸ ಗಾರ್ಡನ್ ವೆನ್‌ಹ್ಯಾಮ್ 1978ರಲ್ಲಿ ಬಿಡಿಸಿ ತೋರಿಸಿದ್ದರು. ಇದಕ್ಕೆ ಆಕ್ಷೇಪವೂ ಇದೆ. ಮೊದಲ ಎರಡು 7 ಒಂದೇ ವಾರದ ಮಾತು, ಎರಡು 150 ಕೂಡ ಒಂದೇ ಅವಧಿ, ಹಾಗಾಗಿ ಲೆಕ್ಕ ಎಳೆದು ಕೂರಿಸಿದ್ದು ಅನ್ನುತ್ತಾರೆ. ಆಕ್ಷೇಪ ನ್ಯಾಯವಾದದ್ದೇ. ಆದರೆ ಒಂದೇ ಅವಧಿಯನ್ನು ಎರಡು ಸಲ ಯಾಕೆ ಹೇಳಬೇಕಿತ್ತು? ಮೊದಲ ಸಲ 150 ಅಂದಾಗ ನೀರು ಭೂಮಿಯನ್ನೆಲ್ಲ ಮುಚ್ಚಿದೆ. ಎರಡನೇ ಸಲ ಅಂದಾಗ ಅದೇ ನೀರು ತಗ್ಗುತ್ತಿದೆ. ಮಧ್ಯೆ ಆಗಿದ್ದು ಇಷ್ಟೇ, ದೇವರಿಗೆ ನೋಹನ ನೆನಪಾಯಿತು. ಕಥೆಗಾರ ಬೇಕೆಂದೇ ಹೀಗೆ ಹೇಳಿದ್ದಾನೆ ಅನ್ನುವುದು ನನ್ನ ತೀರ್ಮಾನ.

ಅಲ್ಲಿಂದ ಪ್ರತಿ ಪುಸ್ತಕಕ್ಕೂ ನಾನು ಕೇಳುವ ಪ್ರಶ್ನೆ ಒಂದೇ. ನಡುವೆ ಏನಿದೆ?

ಮಾರ್ಕ

ಮಾರ್ಕನಿಗೆ ಒಂದು ಅಭ್ಯಾಸವಿದೆ. ಒಂದು ಕಥೆ ಶುರುಮಾಡುತ್ತಾನೆ, ಅರ್ಧಕ್ಕೆ ನಿಲ್ಲಿಸಿ ಇನ್ನೊಂದನ್ನು ಪೂರ್ತಿ ಹೇಳುತ್ತಾನೆ, ಮತ್ತೆ ಮೊದಲಿನದಕ್ಕೆ ಬರುತ್ತಾನೆ. 11ನೇ ಅಧ್ಯಾಯದಲ್ಲಿ ಅಂಜೂರದ ಮರದ ಕಥೆಯ ಮಧ್ಯೆ ದೇವಾಲಯದ ಪ್ರಸಂಗ ಬರುವುದು ಹೀಗೆಯೇ. ಆದರೆ ನಾನು ಜಾಸ್ತಿ ಹೊತ್ತು ಕೂತದ್ದು 5ನೇ ಅಧ್ಯಾಯದ ಮೇಲೆ.

ಯಾಯೀರ ಸಭಾಮಂದಿರದ ಅಧಿಕಾರಿ. ಹೆಸರಿದೆ, ಸ್ಥಾನವಿದೆ. ಎಲ್ಲರ ಎದುರು ಯೇಸುವಿನ ಪಾದಕ್ಕೆ ಬೀಳುತ್ತಾನೆ. ಮಗಳು ಸಾಯುವ ಸ್ಥಿತಿಯಲ್ಲಿದ್ದಾಳೆ. ಯೇಸು ಅವನ ಜೊತೆ ಹೊರಡುತ್ತಾನೆ. ದಾರಿಯಲ್ಲಿ 12 ವರ್ಷದಿಂದ ರಕ್ತಸ್ರಾವದಿಂದ ನರಳುತ್ತಿದ್ದ ಒಬ್ಬ ಹೆಂಗಸು. ಅವಳ ಹೆಸರು ಮಾರ್ಕ ಹೇಳುವುದಿಲ್ಲ. ವೈದ್ಯರಿಗೆ ಸುರಿದು ಸುರಿದು ಕೈಯಲ್ಲಿದ್ದದ್ದೆಲ್ಲ ಖಾಲಿಯಾಗಿದೆ. ಗುಂಪಿನಲ್ಲಿ ಹಿಂದಿನಿಂದ ಬಂದು ಬಟ್ಟೆ ಮುಟ್ಟುತ್ತಾಳೆ, ವಾಸಿಯಾಗುತ್ತದೆ. ಕಥೆ ಅಲ್ಲಿಗೆ ಮುಗಿಯಬಹುದಿತ್ತು. ಯೇಸು ನಿಲ್ಲುತ್ತಾನೆ. ಮುಟ್ಟಿದವರು ಯಾರು ಎಂದು ಕೇಳುತ್ತಾನೆ. ಅವಳು ನಡುಗುತ್ತಾ ಬಂದು, ಅವಳೂ ಪಾದಕ್ಕೆ ಬಿದ್ದು, ನಡೆದದ್ದೆಲ್ಲ ಹೇಳುವವರೆಗೂ ಕಾಯುತ್ತಾನೆ.

ಇಷ್ಟು ಹೊತ್ತೂ ಯಾಯೀರ ಪಕ್ಕದಲ್ಲೇ ನಿಂತಿದ್ದಾನೆ ಅಲ್ವಾ? ಮಾರ್ಕ ಅವನ ಬಗ್ಗೆ ಒಂದು ಮಾತೂ ಆಡುವುದಿಲ್ಲ. ತಂದೆಯ ಆ ಸಂಕಟವನ್ನು ಓದುವವರೇ ಊಹಿಸಿಕೊಳ್ಳಬೇಕು.

ಆಮೇಲೆ ಎರಡು ವಾಕ್ಯ ಬೆನ್ನುಬೆನ್ನಿಗೆ ಬರುತ್ತವೆ. ಯೇಸು ಅವಳನ್ನು ‘ಮಗಳೇ’ ಎಂದು ಕರೆದು, ನಿನ್ನ ನಂಬಿಕೆಯೇ ನಿನ್ನನ್ನು ವಾಸಿಮಾಡಿತು ಅನ್ನುತ್ತಾನೆ. ಆ ಮಾತು ಮುಗಿಯುವ ಮೊದಲೇ ಮನೆಯವರು ಬಂದು ಯಾಯೀರನಿಗೆ, ನಿನ್ನ ಮಗಳು ತೀರಿಕೊಂಡಳು ಅನ್ನುತ್ತಾರೆ. ಒಬ್ಬ ಮಗಳು ಬದುಕಿದ ಗಳಿಗೆಯಲ್ಲೇ ಇನ್ನೊಬ್ಬಳು ಹೋದ ಸುದ್ದಿ. ಯೇಸು ಯಾಯೀರನಿಗೆ ಹೇಳುವುದು ಇಷ್ಟೇ: ಹೆದರಬೇಡ, ನಂಬಿಕೆ ಮಾತ್ರ ಇರಲಿ. ಎಂಥ ನಂಬಿಕೆ ಎಂದು ವಿವರಿಸುವುದಿಲ್ಲ. ವಿವರಿಸಬೇಕಾಗಿಯೂ ಇಲ್ಲ, ಆ ಹೆಂಗಸು ಅಲ್ಲೇ ನಿಂತಿದ್ದಾಳೆ. ಊರಿನ ದೊಡ್ಡ ಮನುಷ್ಯ ಹೆಸರಿಲ್ಲದ ಹೆಂಗಸಿನಿಂದ ನಂಬಿಕೆ ಕಲಿಯಬೇಕು. ಹುಡುಗಿ ಎದ್ದು ಓಡಾಡಿದ ಮೇಲೆ, ಕೊನೆಯಲ್ಲಿ ಮಾರ್ಕ ಹೇಳುತ್ತಾನೆ, ಅವಳಿಗೆ 12 ವರ್ಷ. ಒಬ್ಬಳು ಹುಟ್ಟಿದ ಹೊತ್ತಿನಿಂದ ಇನ್ನೊಬ್ಬಳು ನರಳುತ್ತಲೇ ಇದ್ದಳು! ಈ ಸಾಲಿನ ಪಕ್ಕದಲ್ಲಿ ನೀಲಿ ಪೆನ್ಸಿಲ್ಲಿನಿಂದ ಬರೆದುಕೊಂಡಿದ್ದೇನೆ: ತಡವಾಯಿತು ಅಂದುಕೊಂಡ ಹೊತ್ತು ವ್ಯರ್ಥವಾಗಿರಲಿಲ್ಲ.

ದೊಡ್ಡ ಅಳತೆಯಲ್ಲೂ ಇದೇ ಹೆಣಿಗೆ ಇದೆ. 8ನೇ ಅಧ್ಯಾಯದಲ್ಲಿ ಬೇತ್ಸಾಯಿದದ ಕುರುಡನಿಗೆ ಮೊದಲ ಸಲ ಮುಟ್ಟಿದಾಗ ಜನ ನಡೆದಾಡುವ ಮರಗಳಂತೆ ಕಾಣುತ್ತಾರೆ, ಎರಡನೇ ಸಲಕ್ಕೆ ಸ್ಪಷ್ಟವಾಗುತ್ತದೆ. 10ನೇ ಅಧ್ಯಾಯದ ಕೊನೆಗೆ ಯೆರಿಕೋವಿನ ಬಾರ್ತಿಮಾಯನಿಗೆ ಕೂಡಲೇ ಕಣ್ಣು ಬರುತ್ತದೆ. ಈ ಇಬ್ಬರ ನಡುವೆ ಯೇಸು ತನ್ನ ಸಾವು ಮತ್ತು ಎದ್ದು ಬರುವುದರ ಬಗ್ಗೆ ಮೂರು ಸಲ ಹೇಳುತ್ತಾನೆ. ಮೂರು ಸಲವೂ ಶಿಷ್ಯರಿಗೆ ಅದು ಹತ್ತುವುದಿಲ್ಲ. ಪೇತ್ರ ಗದರಿಸುತ್ತಾನೆ. ತಮ್ಮಲ್ಲಿ ಯಾರು ದೊಡ್ಡವರು ಎಂದು ಎಲ್ಲರೂ ವಾದ ಮಾಡುತ್ತಾರೆ. ಯಾಕೋಬ, ಯೋಹಾನರು ಎಡಬಲದ ಪೀಠ ಕೇಳುತ್ತಾರೆ. ಕಣ್ಣು ತೆರೆಯಬೇಕಾದವರು ಯಾರು ಎಂದು ಮಾರ್ಕ ಬಾಯಿಬಿಟ್ಟು ಹೇಳುವುದಿಲ್ಲ. ಒಂದೇ ಸಲಕ್ಕೆ ಎಲ್ಲ ಕಾಣದಿದ್ದರೂ ಯೇಸು ಕೈಬಿಡುವುದಿಲ್ಲ, ಮತ್ತೆ ಮುಟ್ಟುತ್ತಾನೆ. ನನಗೆ ಇದು ದೊಡ್ಡ ಧೈರ್ಯ.

ಪಕ್ಕಕ್ಕಿಟ್ಟದ್ದು

ಇಷ್ಟಿಷ್ಟು ಅಕ್ಷರ ಬಿಟ್ಟು ಓದಿದರೆ ಗುಪ್ತ ಸಂದೇಶ ಸಿಗುತ್ತದೆ ಅನ್ನುವ ವಿಚಾರವನ್ನು ನೋಟ್‌ಬುಕ್ಕಿಗೆ ಸೇರಿಸಿಲ್ಲ. 1994ರಲ್ಲಿ ಆದಿಕಾಂಡದ ಮೇಲೆ ಇಂಥ ಒಂದು ಲೇಖನ ಸಂಖ್ಯಾಶಾಸ್ತ್ರದ ಪತ್ರಿಕೆಯಲ್ಲಿ ಬಂತು. 1999ರಲ್ಲಿ ಅದೇ ಪತ್ರಿಕೆಯಲ್ಲಿ ಅದಕ್ಕೆ ಗಟ್ಟಿಯಾದ ಖಂಡನೆಯೂ ಬಂತು. ನನ್ನ ಕಾರಣ ಬೇರೆ. ಆ ಕಾಲದ ಬಹಳಷ್ಟು ಜನ ಇದನ್ನೆಲ್ಲ ಕಿವಿಯಿಂದ ಕೇಳಿದವರು. ಕೇಳುವವರಿಗೆ ಸಿಗದ ಹೆಣಿಗೆಯಿಂದ ಅವರಿಗೆ ಏನು ಉಪಯೋಗ?

ಯೋಹಾನನ ಸುವಾರ್ತೆಯ 21ನೇ ಅಧ್ಯಾಯದಲ್ಲಿ ಶಿಷ್ಯರ ಬಲೆಗೆ ಬಿದ್ದ 153 ಮೀನುಗಳಿಗೆ ಪ್ರಶ್ನಾರ್ಥಕ ಹಾಕಿಟ್ಟಿದ್ದೇನೆ. 1ರಿಂದ 17ರವರೆಗೆ ಕೂಡಿದರೆ 153 ಎಂದು ಸಂತ ಅಗಸ್ಟೀನರು ಗಮನಿಸಿದ್ದರು. ಲೆಕ್ಕ ಸರಿ, ಆದರೆ ಯೋಹಾನನ ಮನಸ್ಸಿನಲ್ಲಿ ಅದೇ ಇತ್ತು ಎಂದು ಹೇಳಲು ನನಗೆ ಬಾಯಿ ಬರುತ್ತಿಲ್ಲ. ಅದೇ ಅಧ್ಯಾಯದ ಇದ್ದಲಿನ ಬೆಂಕಿಯ ಬಗ್ಗೆ ಅನುಮಾನವಿಲ್ಲ. ಹೊಸ ಒಡಂಬಡಿಕೆಯಲ್ಲಿ ಇದ್ದಲಿನ ಬೆಂಕಿ ಎರಡೇ ಕಡೆ. ಒಂದರ ಹತ್ತಿರ ಪೇತ್ರ ಮೂರು ಸಲ ಯೇಸುವನ್ನು ಅರಿಯೆನು ಎಂದ. ಇನ್ನೊಂದರ ಹತ್ತಿರ ಯೇಸು ಮೂರು ಸಲ, ನನ್ನನ್ನು ಪ್ರೀತಿಸುತ್ತೀಯಾ ಎಂದು ಕೇಳಿದ. ಎರಡು ಬೆಂಕಿಗಳ ನಡುವೆ ಶಿಲುಬೆ ಮತ್ತು ಖಾಲಿ ಸಮಾಧಿ.

ಈಗ ನಡೆಯುತ್ತಿರುವುದು: ಪ್ರಲಾಪಗಳು

ಯೆರೂಸಲೇಮ್ ಹಾಳಾದ ಮೇಲಿನ ಐದು ಶೋಕಗೀತೆಗಳು. 1, 2, 4ನೇ ಗೀತೆಗಳಲ್ಲಿ 22 ವಚನ, ಹೀಬ್ರೂ ವರ್ಣಮಾಲೆಯ ಒಂದೊಂದು ಅಕ್ಷರಕ್ಕೆ ಒಂದೊಂದು. ನಡುವಿನ 3ನೆಯದರಲ್ಲಿ ಅಕ್ಷರಕ್ಕೆ ಮೂರರಂತೆ 66. ಇಲ್ಲಿ ಮಾತ್ರ ಅಂಕಿಗಳನ್ನು ವಾಪಸ್ ಹಾಕಿಕೊಂಡೆ, ಯಾಕೆಂದರೆ ಈ ಸಾಲುಗಳ ಲೆಕ್ಕ ಕವಿಯದ್ದೇ.

ನಡುವೆ ಏನಿದೆ? ದೇವರ ಕರುಣೆ ಪ್ರತಿ ಬೆಳಗ್ಗೆ ಹೊಸದು ಎಂಬ ಮಾತು 3ನೇ ಗೀತೆಯಲ್ಲೇ ಇದೆ. ಅದರ ಸರಿಯರ್ಧ, 33ನೇ ವಚನದಲ್ಲಿ, ಮನುಷ್ಯರನ್ನು ನೋಯಿಸುವುದು ದೇವರಿಗೆ ಮನಸ್ಸಿನಿಂದ ಬೇಕಾದದ್ದಲ್ಲ ಎಂಬ ಮಾತು. ಇಲ್ಲಿಗೆ ಪುಸ್ತಕ ಇಳಿಯಬೇಕಿತ್ತು, ನೋಹನ ನೀರಿನಂತೆ. ಇಳಿಯುವುದಿಲ್ಲ. 4ನೇ ಗೀತೆಯಲ್ಲಿ ಹಸಿದ ಮಕ್ಕಳು ರೊಟ್ಟಿ ಕೇಳುತ್ತಾರೆ, ಕೊಡುವವರಿಲ್ಲ. 5ನೆಯದರಲ್ಲೂ 22 ವಚನ, ಆದರೆ ಅಕ್ಷರಗಳ ಸಾಲು ಮುರಿದಿದೆ. ಅದರ ಮೊದಲ ಮಾತೇ, ಯೆಹೋವನೇ, ನಮಗೆ ಬಂದದ್ದನ್ನು ನೆನಪಿಸಿಕೋ. ಕೊನೆಯ ಮಾತಿಗೆ ಉತ್ತರ ಸಿಗುವುದಿಲ್ಲ.

ಹಾಗಾದರೆ ನಡುವಿನ ಮಾತು ಸುಳ್ಳಾಯಿತೇ? ನನಗೆ ಹಾಗನ್ನಿಸುವುದಿಲ್ಲ. ಕರುಣೆಯನ್ನು ಒಪ್ಪಿಕೊಂಡ ಮೇಲೂ ಅಳುವುದಕ್ಕೆ ಈ ಪುಸ್ತಕ ಜಾಗ ಕೊಟ್ಟಿದೆ. ನಂಬಿಕೆಯವರು ಬೇಗ ಕಣ್ಣೊರೆಸಿಕೊಳ್ಳಬೇಕು ಎಂಬ ಒತ್ತಾಯ ಇಲ್ಲಿಲ್ಲ. ಜೋಡಣೆ ಮುರಿದ ಜಾಗಕ್ಕೂ ಅರ್ಥವಿದೆ ಎಂದು ಈಗ ಒಂದು ಹೊಸ ಬಣ್ಣ, ಕೆಂಪು, ಇಟ್ಟುಕೊಂಡಿದ್ದೇನೆ. ಆ ಕೆಂಪು ಹಿಡಿದು ಮತ್ತಾಯನ ಸುವಾರ್ತೆಯಲ್ಲಿರುವ ಯೇಸುವಿನ ವಂಶಾವಳಿಗೂ ವಾಪಸ್ ಹೋಗಬೇಕು. 14 ತಲೆಮಾರುಗಳ ಲೆಕ್ಕ ಕೂಡಿಸಲು ಅಹಜ್ಯ, ಯೋವಾಷ, ಅಮಚ್ಯ ಎಂಬ ಮೂವರು ಅರಸರನ್ನೇ ಬಿಟ್ಟವನು, ತಾಮಾರ, ರಾಹಾಬ, ರೂತ ಎಂಬ ಹೆಂಗಸರನ್ನು ಬಿಡಲಿಲ್ಲ. ಅದಾದ ಮೇಲೆ 119ನೇ ಕೀರ್ತನೆ: 22 ಅಕ್ಷರ, ಅಕ್ಷರಕ್ಕೆ 8 ವಚನ, ಒಟ್ಟು 176. ಪ್ರಿಂಟ್ ಆಗಿದೆ, ಪೆನ್ಸಿಲ್ ಇನ್ನೂ ಮುಟ್ಟಿಸಿಲ್ಲ.