ಎಣ್ಣೆ ಗುಡಾಣಗಳ ಗುಡ್ಡ

ರೋಮ್ ನಗರದೊಳಗೇ ಸುಮಾರು 35 ಮೀಟರ್ ಎತ್ತರದ ಗುಡ್ಡವೊಂದಿದೆ, ಮೊಂಟೆ ಟೆಸ್ಟಾಚೊ. ಪೂರ್ತಿ ಪ್ರಾಚೀನ ರೋಮನ್ನರ ಕಾಲದ ಒಡೆದ ಗುಡಾಣಗಳದ್ದೇ ರಾಶಿ. ಹೆಚ್ಚಿನವು ದಕ್ಷಿಣ ಸ್ಪೇನಿನಿಂದ ಆಲಿವ್ ಎಣ್ಣೆ ಹೊತ್ತು ಬಂದವು. ಖಾಲಿ ಗುಡಾಣವೇ ಸುಮಾರು 30 ಕಿಲೋ, ಒಳಗೆ 70 ಲೀಟರ್ ಎಣ್ಣೆ. ಮಣ್ಣು ಎಣ್ಣೆ ಕುಡಿದು ಕಮಟು ಹಿಡಿದರೆ ಮತ್ತೆ ತುಂಬಿಸುವಂತಿಲ್ಲ. ಒಡೆದು ಪೇರಿಸಿ, ನಾತ ತಡೆಯಲು ಸುಣ್ಣ ಸುರಿಯುತ್ತಿದ್ದರು.

ಮಜಾ ಇರುವುದು ಗುಡಾಣಗಳ ಮೇಲಿನ ಮಸಿ ಬರಹದಲ್ಲಿ. ಖಾಲಿ ತೂಕ, ವರ್ತಕನ ಹೆಸರು, ಎಣ್ಣೆಯ ತೂಕ. ಹಿಡಿಯ ಪಕ್ಕ ಓರೆಯಾಗಿ ತಪಾಸಣೆಯ ಊರು, ವರ್ಷ. ಈಗಿನ ವೇಬಿಲ್ಲೇ ಅನ್ನಿ! ರೋಮನ್ ಚಕ್ರವರ್ತಿ ಸೆಪ್ಟಿಮಿಯಸ್ ಸೆವೆರಸ್ ಕಾಲಕ್ಕೆ, ಕ್ರಿ.ಶ. 200ರ ಆಸುಪಾಸು, ವರ್ತಕನ ಹೆಸರಿರುತ್ತಿದ್ದ ಜಾಗದಲ್ಲಿ ಚಕ್ರವರ್ತಿಗಳ ಹೆಸರು ಬಂದು ಕೂತಿದೆ. ತೂಕದ ಸಾಲುಗಳು ಮಾತ್ರ ಹಾಗೇ ಇವೆ.