ಬೇಸಿಗೆಯಲ್ಲಿ ಗಂಡಿಕೋಟ, ಬೇಲುಂ: ಹೋಗಿ ಬನ್ನಿ, ಟೆಂಟ್ ಮಾತ್ರ ಬೇಡ

ಮೇ ತಿಂಗಳಲ್ಲಿ ಆಂಧ್ರದ ಕಡಪ ಜಿಲ್ಲೆಯ ಗಂಡಿಕೋಟಕ್ಕೆ, ಅಲ್ಲಿನ ಕೋಟೆ, ಕಣಿವೆ ನೋಡೋಕೆ ಹೋಗ್ತೀವಿ ಅಂದಾಗ ಕೇಳಿದವರೆಲ್ಲ ಬೇಡ ಅಂದರು. ನಾಲ್ಕು ಜನ ಗೆಳೆಯರಿಗೆ ಒಟ್ಟಿಗೆ ರಜೆ ಸಿಗೋದೇ ಅಪರೂಪ, ಹೊರಟೇಬಿಟ್ಟೆವು. ಬಿಸಿಲಿನ ಬಗ್ಗೆ ಅವರು ಹೇಳಿದ್ದು ನಿಜ. ರಾಯಲಸೀಮೆಯಲ್ಲಿ ಮೇ ಅಂದರೆ 40 ಡಿಗ್ರಿ ದಾಟಿಯೇ ಇರುತ್ತದೆ. ಆದರೂ ನನ್ನನ್ನು ಕೇಳಿದರೆ ಹೋಗಿ ಅಂತಲೇ ಹೇಳುತ್ತೇನೆ. ಬೆಳಗ್ಗೆ ಹತ್ತರಿಂದ ಸಂಜೆ ಐದರವರೆಗೆ ಬಂಡೆಗಳ ಮೇಲೆ ಇರದಂತೆ ದಿನವನ್ನು ಹೊಂದಿಸಿಕೊಂಡರೆ ಬೇಸಿಗೆ ಅಡ್ಡಿಯಲ್ಲ. ಅಡ್ಡಿಯಾಗಿದ್ದು ಟೆಂಟ್. ಇದನ್ನು ಬರೆಯಲು ಕೂತಿದ್ದೇ ಅದಕ್ಕೆ.

ಟೆಂಟ್ ಬುಕ್ ಮಾಡುವಾಗ ಫೋನಿನಲ್ಲಿ ಮಾತಾಡಿದವನು "ಟೆಂಟ್ ಜಿಪ್ ತೆಗೆದರೆ ಎದುರಿಗೇ ಕಣಿವೆ ಸಾರ್" ಅಂದಿದ್ದ. ಫೋಟೊ ಕೂಡ ಕಳಿಸಿದ್ದ. ತಲೆಗೆ 1,800 ರೂಪಾಯಿಯಂತೆ ಪೂರ್ತಿ ಹಣ ಮುಂಗಡವಾಗಿ ಹಾಕಿಸಿಕೊಂಡ. ಹೋಗಿ ನೋಡಿದರೆ ಕಾರು ನಿಲ್ಲಿಸುವ ಜಾಗದ ಹಿಂದೆ ಬೇಲಿ ಹಾಕಿದ ಒಂದು ಹೊಲ, ಅದರಲ್ಲಿ ಸಾಲಾಗಿ ಒತ್ತೊತ್ತಾಗಿ ಟೆಂಟ್‌ಗಳು. ಕಣಿವೆ ಅಲ್ಲಿಂದ ಕಾಣುವುದೇ ಇಲ್ಲ, ನಡೆದು ಹೋಗಬೇಕು. ಕೇಳಿದರೆ ಅಲ್ಲಿ ಟೆಂಟ್ ನೋಡಿಕೊಳ್ಳುತ್ತಿದ್ದವನು "ಆ ಜಾಗ ಈಗ ಬಂದ್ ಮಾಡಿದ್ದಾರೆ" ಅಂದ. ಹಣ ವಾಪಸ್ ಕೊಡು ಅಂದಿದ್ದಕ್ಕೆ "ಬುಕ್ಕಿಂಗ್ ಮಾಡಿದ ಹುಡುಗ ಬೇರೆ, ನಾನು ಬೇರೆ" ಎಂದು ಕೈ ತೊಳೆದುಕೊಂಡ.

ರಾತ್ರಿ ಇನ್ನೂ ಕಷ್ಟ. ಹಗಲೆಲ್ಲ ಕಾದ ನೆಲ ರಾತ್ರಿ ಹನ್ನೆರಡಾದರೂ ಶಾಖ ಬಿಡುತ್ತಲೇ ಇರುತ್ತದೆ. ನೈಲಾನ್ ಬಟ್ಟೆಯೊಳಗೆ ಗಾಳಿಯಿಲ್ಲ, ಜಿಪ್ ತೆಗೆದರೆ ಸೊಳ್ಳೆ. ಒಂದೇ ಹಾಸಿಗೆಯಲ್ಲಿ ಇಬ್ಬರು, ಬೆನ್ನ ಕೆಳಗಿನ ಚಾದರ ಬೆವರಿಗೆ ಒದ್ದೆ. ಪಕ್ಕದ ಸಾಲಿನಲ್ಲಿ ಒಂದು ಗಂಟೆಯವರೆಗೆ ದೊಡ್ಡ ಸ್ಪೀಕರ್. ಕುಡಿಯುವ ನೀರಿಗೂ ಬಾಟಲಿಗೆ ಎರಡು ಪಟ್ಟು ದರ. ಬೇಸಿಗೆಯಲ್ಲಿ ನೀರಿನ ಮೇಲೆ ದುಡ್ಡು ಮಾಡುವವರನ್ನು ನಾನು ಕ್ಷಮಿಸಲಾರೆ.

ಹಾಗಾಗಿ ಹೋಗುವವರು ಜಮ್ಮಲಮಡುಗಿನಲ್ಲಿ ಎಸಿ ರೂಮ್ ಮಾಡಿ. ಕೋಟೆಗೆ ಅಲ್ಲಿಂದ ಸುಮಾರು 15 ಕಿ.ಮೀ., ಬೆಳಗಿನ ಜಾವ ಅರ್ಧ ಗಂಟೆಯೂ ಬೇಡ. ನಾವೂ ಮಾರನೇ ದಿನ ಅಲ್ಲಿಗೇ ಬಂದೆವು. ನಾಲ್ಕು ಜನಕ್ಕೆ ಎರಡು ರೂಮ್ ಸೇರಿಸಿದರೂ ಟೆಂಟ್‌ಗೆ ಕೊಟ್ಟದ್ದರ ಅರ್ಧದಷ್ಟೂ ಆಗಲಿಲ್ಲ. ಕೋಟೆಗೆ ಮುಂಚೆ ಆಂಧ್ರ ಪ್ರವಾಸೋದ್ಯಮದ ಹರಿತಾ ಹೋಟೆಲ್ ಕೂಡ ಇದೆ, ಶನಿವಾರ ಭಾನುವಾರಕ್ಕೆ ಮೊದಲೇ ನೋಡಿಕೊಳ್ಳಬೇಕು. ಟೆಂಟೇ ಬೇಕು ಅನ್ನುವವರು ಚಳಿಗಾಲಕ್ಕೆ ಹೋಗಿ. ಆಗಲೂ ಅದೇ ಕ್ಷಣ ವಿಡಿಯೊ ಕಾಲ್‌ನಲ್ಲಿ ಜಾಗ ತೋರಿಸು ಅನ್ನಿ, ತೋರಿಸದಿದ್ದರೆ ಮುಂಗಡ ಹಾಕಬೇಡಿ.

ಈಗ ಕಣಿವೆ. ಸೂರ್ಯ ಹುಟ್ಟುವುದಕ್ಕೆ ಅರ್ಧ ಗಂಟೆ ಮುಂಚೆ ಅಂಚಿನಲ್ಲಿರಿ. ಮೊದಲು ಬರೀ ಕಪ್ಪು ಹಳ್ಳ, ಆಮೇಲೆ ಬೂದು, ಬಿಸಿಲು ಬಿದ್ದ ತಕ್ಷಣ ಎದುರು ಗೋಡೆ ಪೂರ್ತಿ ಕೆಂಪು. ಈ ಕಲ್ಲು ಕ್ವಾರ್ಟ್‌ಜೈಟ್, ಪದರ ಪದರವಾಗಿ, ಉದ್ದಕ್ಕೂ ಅಡ್ಡಕ್ಕೂ ಬಿರುಕು ಬಿಟ್ಟು, ಯಾರೋ ದೈತ್ಯ ಗಾತ್ರದ ಇಟ್ಟಿಗೆ ಪೇರಿಸಿ ಗಾರೆ ಹಾಕದೆ ಬಿಟ್ಟಂತಿದೆ. ಕೆಳಗೆ ಸುಮಾರು 300 ಅಡಿ ಆಳದಲ್ಲಿ ಪೆನ್ನಾ ನದಿ. ಮಳೆಗಾಲದ ಫೋಟೊಗಳಲ್ಲಿ ಕಾಣುವ ತುಂಬಿದ ಹಸಿರು ನೀರು ಮೇನಲ್ಲಿ ಸಿಗುವುದಿಲ್ಲ, ನೀರು ಕೆಳಗಿಳಿದಿರುತ್ತದೆ. ನನಗೇನೂ ಬೇಸರವಾಗಲಿಲ್ಲ, ಗೋಡೆಯ ಎತ್ತರ ಇನ್ನಷ್ಟು ಕಂಡಿತು.

ಈ ಪೆನ್ನಾ ನಮ್ಮ ಉತ್ತರ ಪಿನಾಕಿನಿ, ಹುಟ್ಟುವುದು ಚಿಕ್ಕಬಳ್ಳಾಪುರ ಜಿಲ್ಲೆಯ ನಂದಿಬೆಟ್ಟದ ಸಾಲಿನಲ್ಲಿ. ಬಾಗೇಪಲ್ಲಿ ಕಡೆ ನಾವು ದಾಟುವ ಚಿತ್ರಾವತಿ ಕೂಡ ಗಂಡಿಕೋಟದ ಹತ್ತಿರವೇ ಬಂದು ಅದನ್ನು ಸೇರುತ್ತದೆ. ನಮ್ಮ ಊರುಗಳ ಕಡೆ ಮರಳಿನ ನಡುವೆ ಸುಳಿವೇ ಇಲ್ಲದಂತಿರುವ ಹೊಳೆ ಎರ್ರಮಲ ಬೆಟ್ಟವನ್ನು ಹೀಗೆ ಸೀಳಿದೆ ಅನ್ನೋದನ್ನು ಅಲ್ಲಿ ನಿಂತು ನೋಡಿದರೂ ನಂಬಲು ಹೊತ್ತು ಬೇಕು. ನಮ್ಮಲ್ಲಿ ಒಬ್ಬನ ಊರು ಗೌರಿಬಿದನೂರು, ಅದೇ ಹೊಳೆಯ ದಂಡೆ. ಅವನು ಆ ದಿನ ನಮ್ಮ ಜೊತೆ ಮಾತೇ ಆಡಲಿಲ್ಲ, ಸುಮ್ಮನೆ ನೋಡುತ್ತಾ ಕೂತಿದ್ದ.

ಅಂಚಿನ ಉದ್ದಕ್ಕೂ ಕಂಬಿ ಇದೆ ಅಂದುಕೊಳ್ಳಬೇಡಿ. ಬಂಡೆಗಳ ನಡುವೆ ಎರಡಡಿ ಸಂದು ಇರುವ ಕಡೆ ಹುಡುಗರು ಫೋಟೊಗಾಗಿ ಹಾರುತ್ತಿದ್ದರು, ನೋಡಿ ಎದೆ ಝಲ್ಲೆಂದಿತು. ಚಪ್ಪಲಿ ಬೇಡ, ಹಿಡಿತ ಇರುವ ಶೂ ಹಾಕಿ. ಮಕ್ಕಳನ್ನು ಕರೆದುಕೊಂಡು ಹೋದರೆ ಕೈ ಬಿಡಬೇಡಿ. ವಾರಾಂತ್ಯ ತಪ್ಪಿಸಿ. ಭಾನುವಾರ ಅಲ್ಲಿ ಬೆಂಗಳೂರಿನ ಅರ್ಧ ಜನ ಡ್ರೋನ್ ಹಾರಿಸುತ್ತಿದ್ದರು, ಮಂಗಳವಾರ ಬೆಳಗ್ಗೆ ನಾವು ಮತ್ತು ಒಬ್ಬ ಕುರಿ ಕಾಯುವವರು, ಅಷ್ಟೇ. ನನಗೆ ಗದ್ದಲ ಸ್ವಲ್ಪವೂ ಆಗಿಬರುವುದಿಲ್ಲ. ಗುಂಪಿನಲ್ಲೇ ಖುಷಿ ಅನ್ನುವವರು ಈ ಮಾತು ಬಿಟ್ಟುಬಿಡಿ. ಒಳಗಿನ ಮಾಧವರಾಯ ದೇವಸ್ಥಾನ, ಜಾಮಿಯಾ ಮಸೀದಿ, ಧಾನ್ಯದ ಕಣಜ ಎಲ್ಲವನ್ನೂ ಒಂಬತ್ತರೊಳಗೆ ನೋಡಿ ಮುಗಿಸಬಹುದು.

ಮುಗಿಸಿ ಸೀದಾ ಜಮ್ಮಲಮಡುಗಿಗೆ ಇಳಿದು ಉಗ್ಗಾಣಿ ತಿನ್ನಿ. ನಾವು ತಿಂದದ್ದು ಬಸ್ ನಿಲ್ದಾಣದಿಂದ ಸ್ವಲ್ಪ ಮುಂದೆ, ಹುಣಸೆ ಮರದ ನೆರಳಿನ ತಳ್ಳುಗಾಡಿಯಲ್ಲಿ. ಹೆಸರು, ಬೋರ್ಡ್ ಏನೂ ಇಲ್ಲ. ಗಂಡ ಬಜ್ಜಿ ಕರಿಯುತ್ತಾನೆ, ಹೆಂಡತಿ ಉಗ್ಗಾಣಿ ಕಲೆಸುತ್ತಾಳೆ. ಮಂಡಕ್ಕಿಯನ್ನು ಬಕೆಟ್ ನೀರಿಗೆ ಹಾಕಿ ತಕ್ಷಣ ತೆಗೆದು ಎರಡೂ ಅಂಗೈಯಲ್ಲಿ ಹಿಂಡುವುದರಲ್ಲೇ ಇರುವುದು ಕೈಚಳಕ: ಒಂದು ಕ್ಷಣ ಹೆಚ್ಚಾದರೆ ಮುದ್ದೆ, ಕಡಿಮೆಯಾದರೆ ಗಂಟಲಿಗೆ ಒಣ. ಬಾಣಲೆಯಲ್ಲಿ ಈರುಳ್ಳಿ, ಟೊಮೆಟೊ, ಹಸಿಮೆಣಸು, ಅರಿಸಿನ ಬಾಡಿದ ಮೇಲೆ ಮಂಡಕ್ಕಿ ಸುರಿದು, ಮೇಲೆ ಹುರಿಗಡಲೆ ಪುಡಿ ಉದುರಿಸಿ ಎರಡೇ ಸಲ ಮಗುಚುತ್ತಾರೆ. ಪಕ್ಕಕ್ಕೆ ಬಿಸಿ ಮೆಣಸಿನಕಾಯಿ ಬಜ್ಜಿ ಎರಡು. ಬಳ್ಳಾರಿ, ದಾವಣಗೆರೆ ಕಡೆಯವರಿಗೆ ಇದು ಹೊಸದಲ್ಲ, ಒಗ್ಗರಣೆ ಮಂಡಕ್ಕಿ ಮಿರ್ಚಿಯೇ. ಆದರೆ ಇಲ್ಲಿಯದು ಖಾರ ಒಂದು ಕೈ ಮೇಲು, ನಿಂಬೆಹುಳಿ ಕೂಡ ಧಾರಾಳ. ಪ್ಲೇಟಿಗೆ 40 ರೂಪಾಯಿ. ನಾವು ಎರಡನೇ ಪ್ಲೇಟ್ ಕೇಳುವ ಮೊದಲೇ ಆಕೆ "ಬೆಂಗಳೂರಾ ಬಾಬೂ?" ಅಂತ ನಕ್ಕು, ಒಂದೊಂದು ಹಿಡಿ ಹಾಗೇ ಹಾಕಿದರು. ದುಡ್ಡು ತಗೊಳ್ಳಲಿಲ್ಲ. ಮಜ್ಜಿಗೆಯೂ ಅಲ್ಲೇ ಇದೆ, ಎರಡು ಲೋಟ ಕುಡಿದು ಏಳಿ. ಹತ್ತರ ಮೇಲೆ ಹೋದರೆ ಉಗ್ಗಾಣಿ ಖಾಲಿ.

ಬೇಲುಂ ಗುಹೆಗೆ ಇಲ್ಲಿಂದ ಸುಮಾರು 60 ಕಿ.ಮೀ. ದಾರಿಯ ಎರಡೂ ಕಡೆ ಕಲ್ಲುಗಣಿ. ನಮ್ಮ ಅಡುಗೆಮನೆಗಳ ಶೆಲ್ಫಿಗೆ ಹಾಕುವ ಕಡಪ ಕಲ್ಲು ಇದೇ ಸೀಮೆಯದು. ಚಪ್ಪಡಿ ತುಂಬಿದ ಲಾರಿಗಳ ಹಿಂದೆ ಬಿಳಿ ಧೂಳು ಏಳುತ್ತದೆ, ಓವರ್‌ಟೇಕ್ ಮಾಡುವ ಅವಸರ ಬೇಡ. ಹೊರಡುವ ಮುಂಚೆ ಸ್ಟೆಪ್ನಿ ಗಾಳಿಯನ್ನೂ ನೋಡಿಕೊಳ್ಳಿ, ಚೂಪು ಚೂರುಗಳು ರಸ್ತೆಯಲ್ಲೇ ಬಿದ್ದಿರುತ್ತವೆ.

ಗುಹೆ ಅಂದರೆ ತಂಪು ಅಂದುಕೊಂಡು ಮಧ್ಯಾಹ್ನಕ್ಕೆ ಇಟ್ಟುಕೊಳ್ಳುವವರೇ ಹೆಚ್ಚು. ಬೇಲುಂ ಒಳಗೆ ಸೆಕೆ! ಬಿಸಿಲಿಲ್ಲ ನಿಜ, ಆದರೆ ಗಾಳಿ ತೇವದಿಂದ ಭಾರ, ಐದು ನಿಮಿಷಕ್ಕೆ ಅಂಗಿ ಮೈಗಂಟಿ ಕನ್ನಡಕ ಮಂಜಾಯಿತು. ಒಳಗೆ ಗಾಳಿ ಬಿಡುವ ವ್ಯವಸ್ಥೆ ಇದೆ, ಅದರ ಕೆಳಗೆ ನಿಂತವರು ಜಾಗ ಬಿಡುವುದೇ ಇಲ್ಲ. ಬಾಗಿಲು ತೆರೆಯುವ ಹೊತ್ತಿಗೇ ಹೋಗಿ, ಜನರ ಉಸಿರು ಸೇರುವ ಮುಂಚೆ ಮುಗಿಸಿ. ಒಟ್ಟು ಉದ್ದ 3,229 ಮೀಟರ್, ನಮಗೆ ಬಿಡುವುದು ಸುಮಾರು ಒಂದೂವರೆ ಕಿ.ಮೀ. ಸುಣ್ಣದ ಕಲ್ಲನ್ನು ನೀರು ಕೊರೆದು ಮಾಡಿದ ಸುರಂಗಗಳಿವು. ಗುಹೆಯ ತಳದಲ್ಲಿ ನೀರಿರುವ ಜಾಗ ಪಾತಾಳಗಂಗೆ, ಅಲ್ಲಿಗೆ ಇಳಿಯುವ ದಾರಿ ಕಿರಿದು, ಅಲ್ಲಿ ಸೆಕೆ ಇನ್ನೂ ಜಾಸ್ತಿ. ಉಬ್ಬಸ ಇರುವವರು, ಇಕ್ಕಟ್ಟಿಗೆ ಹೆದರುವವರು ಮೇಲಿನ ಭಾಗ ನೋಡಿ ಹಿಂದಿರುಗಿ. ಕೆಳಗೆ ಹೋಗುವವರು ಗೋಡೆಗಳನ್ನು ಟಾರ್ಚ್ ಹಾಕಿ ಹತ್ತಿರದಿಂದ ನೋಡಿ, ನೀರು ಸುತ್ತಿ ಸುತ್ತಿ ಹರಿದ ಗೆರೆಗಳು ಬೆರಳಿಗೆ ಸಿಗುತ್ತವೆ. ಬಣ್ಣದ ಲೈಟುಗಳಿಗಿಂತ ಅದೇ ಚೆಂದ.

ಬೇಲುಂ ಆದ ಮೇಲೆ ಉಮಾಮಹೇಶ್ವರ ದೇವಸ್ಥಾನದ ಊರು ಯಾಗಂಟಿಗೆ ಹೋಗಿ ಪುಷ್ಕರಿಣಿಯ ತಣ್ಣೀರಿನಲ್ಲಿ ಮುಳುಗಿ ಎದ್ದೆವು, ಅಷ್ಟು ದಿನದ ಉರಿ ಇಳಿಯಿತು. ಮಧ್ಯಾಹ್ನ ಗರ್ಭಗುಡಿ ಬಾಗಿಲು ಹಾಕಿರಬಹುದು, ದರ್ಶನ ಬೇಕಾದವರು ಸಮಯ ಕೇಳಿಕೊಂಡು ಹೋಗಿ.

ಮೇನಲ್ಲಿ ಹೋಗುವುದಕ್ಕೆ ಇನ್ನೊಂದು ಕಾರಣ ಮಾವು. ಯಾಗಂಟಿಯಿಂದ ಬರುವಾಗ ಬನಗಾನಪಲ್ಲಿ ಸಿಗುತ್ತದೆ, ಬಂಗನಪಲ್ಲಿ ಮಾವಿನ ಹೆಸರು ಬಂದದ್ದೇ ಈ ಊರಿನಿಂದ, 2017ರಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆಯೂ ಸಿಕ್ಕಿದೆ. ರಸ್ತೆ ಬದಿಯ ರಾಶಿಯಲ್ಲಿ ಒಂದನ್ನು ಕೊಯ್ಯಿಸಿ ರುಚಿ ನೋಡಿ, ಆಮೇಲೆ ಚೌಕಾಸಿ ಮಾಡಿ. ನಮಗೆ ಹೇಳಿದ ದರದಲ್ಲಿ ಕಾಲುಭಾಗ ಇಳಿಯಿತು. ಮನೆಗೆ ಒಯ್ಯಲು ಹಣ್ಣು ಬೇಡ, ದೋರಗಾಯಿ ಕೇಳಿ. ಪೆಟ್ಟಿಗೆಯನ್ನು ಡಿಕ್ಕಿಯಲ್ಲಿ ಇಡಬೇಡಿ, ಆ ಕಾವಿಗೆ ಅನಂತಪುರ ಬರುವಷ್ಟರಲ್ಲಿ ಅರ್ಧ ಬೆಂದು ಹೋಗುತ್ತವೆ. ಹಿಂದಿನ ಸೀಟಿನ ಕಾಲ ಬಳಿ, ಎಸಿ ಗಾಳಿ ತಾಗುವಲ್ಲಿ ಇಡಿ. ನಮ್ಮವು ಹಾಗೇ ಬಂದವು, ಒಂದೂ ಕೆಡಲಿಲ್ಲ.